ಯಾರೂ ಅಂಜದ ಚಿತ್ರಗಳು

ನಾನು ಅವರ ಕೈಯಲ್ಲಿ ಹಲವು ಸಲ ಸತ್ತಿದ್ದೇನೆ. ಒಮ್ಮೆ ಕಾಗೆಗಳು ಕುಕ್ಕಿ, ಒಮ್ಮೆ ಜೇನು ಮುತ್ತಿ, ಒಮ್ಮೆ ಬೇವಿನ ಮರದ ಬೇರು ಕುತ್ತಿಗೆಗೆ ಸುತ್ತಿಕೊಂಡು, ಇನ್ನೊಮ್ಮೆ ಸೋಯಾಬೀನ್ ಹೊಲದಲ್ಲಿ ಕಾಲು ಕೀಳಲಾಗದೆ ನಿಂತಲ್ಲೇ ಒಣಗಿ. ಚಿತ್ರ ಶುರುವಾಗಿ ಜನ ಇನ್ನೂ ಸರಿಯಾಗಿ ಕೂತಿರುತ್ತಿರಲಿಲ್ಲ, ಅಷ್ಟರಲ್ಲಿ ನನ್ನ ಕಥೆ ಮುಗಿದಿರುತ್ತಿತ್ತು. ಯಾಕೆ ಮಾಮಾ, ಪ್ರತಿ ಸಲ ನನ್ನನ್ನೇ ಮೊದಲು ಯಾಕೆ ಕೊಲ್ಲುತ್ತೀರಿ ಎಂದು ಕೇಳಿದರೆ, "ಮಾಸ್ತರ್, ನೀವು ಸತ್ರ ಜನಕ್ಕ ಅಷ್ಟೇನು ಕೆಟ್ಟ ಅನಸಂಗಿಲ್ರಿ. ಆಮ್ಯಾಲ ಸಾಯೋರಿಗಿ ಅಳೂದು ಉಳೀತದ," ಅನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಅವರೇ ಹೋದರು. ಅಂಗಳದ ಹೊರಸಿನ ಮೇಲೆ ಕೂತು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಎದೆ ಹಿಡಿದುಕೊಂಡರಂತೆ. ಕೂಗಲಿಲ್ಲ, ಕೈಕಾಲು ಬಡಿಯಲಿಲ್ಲ. ನಾನೇನಾದರೂ ಹಾಗೆ ಸತ್ತಿದ್ದರೆ ಕ್ಯಾಮರಾ ಇಳಿಸಿ ಇನ್ನೊಮ್ಮೆ ಸಾಯಲು ಹೇಳುತ್ತಿದ್ದರು.

ಊರೆಲ್ಲ ಅವರನ್ನು ಮಾಮಾ ಅನ್ನುತ್ತಿತ್ತು. ಹಾಗೆ ಅನ್ನುವ ಹಕ್ಕಿದ್ದ ರಕ್ತಸಂಬಂಧಿ ಉಮರ್ಗಾದಲ್ಲಿ ಒಬ್ಬರೂ ಇರಲಿಲ್ಲ. ಲೋಹಾರಾ ಕಡೆಯ ಒಂದು ಹಳ್ಳಿಯ ಒಕ್ಕಲು ಮನೆತನ ಅವರದು. ೧೯೯೩ರಲ್ಲಿ ನಮ್ಮ ಕಡೆ ಆದ ಆ ದೊಡ್ಡ ಭೂಕಂಪದಲ್ಲಿ ತಾಯಿ, ಹೆಂಡತಿ, ಪುಟ್ಟ ಮಗಳು ಮೂವರೂ ಮನೆಯ ಕಲ್ಲಿನಡಿ ಹೋದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಪೇಟೆಗೆ ಬಂದು, ಮದುವೆಗಳ ವಿಡಿಯೋ ಶೂಟಿಂಗ್ ಹಿಡಿದಿದ್ದರು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆ ಭೂಕಂಪದಲ್ಲಿ ಯಾರನ್ನೂ ಕಳೆದುಕೊಳ್ಳದ ಮನೆ ನಮ್ಮಲ್ಲಿ ಕಡಿಮೆ, ಹಾಗಾಗಿ ಯಾರೂ ಯಾರನ್ನೂ ಆ ಬಗ್ಗೆ ಕೆದಕಿ ಕೇಳುವುದಿಲ್ಲ.

ನಾನು ಮರಾಠಿ ಸೀಮೆಯ ಈ ಉಮರ್ಗಾದಲ್ಲಿ ಕನ್ನಡ ಶಾಲೆಯೊಂದರ ಮಾಸ್ತರ. ನನ್ನ ತಂಗಿಯ ಮದುವೆಯ ಶೂಟಿಂಗಿಗೆ ಬಂದಿದ್ದ ಮಾಮಾ, ಊಟದ ಪಂಕ್ತಿಯಲ್ಲಿ ನಾನು ಹಸಿಮೆಣಸಿನಕಾಯಿ ಕಚ್ಚಿ ಒದ್ದಾಡಿದ್ದನ್ನು ಪೂರ್ತಿ ಹಿಡಿದುಕೊಂಡು ಹೋದರು. ಮರುದಿನ ಮನೆಗೇ ಬಂದರು.

"ಮಾಸ್ತರ್, ನೀವು ಛಲೋ ಸಾಯ್ತೀರಿ. ನಮ್ಮ ಪಿಚ್ಚರದಾಗ ಬರ್ತೀರೇನು?"

ನಾನು ಉತ್ತರ ಹುಡುಕುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ, "ಕರ್ಕೊಂಡು ಹೋಗ್ರಿ," ಅಂದಳು.

ಅವರು ಮಾಡುತ್ತಿದ್ದದ್ದು ಒಂದೇ ಬಗೆಯ ಚಿತ್ರ. ಗಿಡವೋ ಹುಳವೋ ಹಕ್ಕಿಯೋ ಗಾಳಿಯೋ, ಯಾವುದಾದರೊಂದು ಮನುಷ್ಯನ ಮೇಲೆ ತಿರುಗಿ ಬೀಳುತ್ತಿತ್ತು. ಮದುವೆಗಳಿಲ್ಲದ ತಿಂಗಳಲ್ಲಿ ಮದುವೆಯ ಕ್ಯಾಮರಾದಲ್ಲೇ ಶೂಟಿಂಗ್. ಮಂಡಪ ಹಾಕುವವರು, ಅವರ ಮನೆಯ ಹೆಂಗಸರು ಮಕ್ಕಳು, ಕ್ಷೌರದಂಗಡಿಯವರು, ನಾನು, ಇಷ್ಟೇ ನಟರು. ಬಿರುಗಾಳಿ ಬೇಕಾದರೆ ಟೇಬಲ್ ಫ್ಯಾನಿನ ಮುಂದೆ ಸೋಯಾಬೀನ್ ಹೊಟ್ಟು ತೂರುತ್ತಿದ್ದರು. ಮಣ್ಣು ಮೆತ್ತಿದ ಹಳೇ ಸೈಕಲ್ ಟ್ಯೂಬುಗಳು ಬೇವಿನ ಬೇರುಗಳಾದವು. ಜೇನಿನ ಹಿಂಡು ಬೇಕಾದಾಗ ಗಾಜಿಗೆ ಗಂಜಿ ಸವರಿ ಗುರೆಳ್ಳು ಉದುರಿಸಿ ಲೆನ್ಸಿನ ಮುಂದೆ ಅಲ್ಲಾಡಿಸಿದರು. ಆ ಚಿತ್ರ ನೋಡಿ ಬಂದ ನಮ್ಮ ಓಣಿಯ ಹೆಂಗಸೊಬ್ಬಳು, ಇಷ್ಟು ಗುರೆಳ್ಳಿನಲ್ಲಿ ವರ್ಷಕ್ಕಾಗುವಷ್ಟು ಚಟ್ನಿಪುಡಿ ಕುಟ್ಟಬಹುದಿತ್ತು ಎಂದು ಹಲುಬಿದಳು.

ಕಾಗೆ ಚಿತ್ರದ ಶೂಟಿಂಗ್ ಇಟ್ಟುಕೊಂಡದ್ದು ಪಿತೃಪಕ್ಷದಲ್ಲಿ. ನಮ್ಮ ಲಿಂಗವಂತರ ಮನೆಗಳಲ್ಲಿ ಕಾಗೆಗೆ ಪಿಂಡ ಇಡುವ ಪದ್ಧತಿಯಿಲ್ಲ, ಆದ್ದರಿಂದ ನಮ್ಮ ತಲೆಗೆ ಅದು ಹೊಳೆಯಲೇ ಇಲ್ಲ. ಅಕ್ಕಪಕ್ಕದ ಮರಾಠಾ ಮನೆಗಳಲ್ಲಿ ದಿನವೂ ಕಾಗೆಗಳಿಗೆ ಪಾಯಸ, ವಡೆ, ಅನ್ನ. ಅಷ್ಟು ಉಂಡ ಕಾಗೆಗಳು ನನ್ನ ತಲೆಯ ಮೇಲೆ ಎರಚಿದ ಚುರುಮುರಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಾಮಾ ಹಟ ಬಿಡದೆ ಬುಂದಿ ಲಾಡು ಪುಡಿಮಾಡಿ ಎರಚಿಸಿದರು. ಆಗ ಬಂದವು, ಊರ ಕಾಗೆಗಳೆಲ್ಲ ಬಂದವು. ಅವುಗಳ ಹಿಂದೆಯೇ ತಟ್ಟೆ ಹಿಡಿದುಕೊಂಡು ಪಕ್ಕದ ಮನೆಯ ಯಜಮಾನರೂ ಬಂದರು.

"ಆಮಚೆ ಕಾವಳೆ ತುಮಚ್ಯಾ ಶೂಟಿಂಗಲಾ ಆಲೇ, ಮಗ ಆಮಚ್ಯಾ ಬಾಪಾಲಾ ಕೋಣ ಜೇವೂ ಘಾಲಣಾರ?"

ನಮ್ಮ ಕಾಗೆಗಳೆಲ್ಲ ನಿಮ್ಮ ಶೂಟಿಂಗಿಗೆ ಬಂದರೆ ನಮ್ಮಪ್ಪನಿಗೆ ಯಾರು ಉಣಿಸಬೇಕು ಎಂಬುದು ಅವರ ತಕರಾರು. ನ್ಯಾಯವಾದದ್ದೇ. ಮಾಮಾ ಕ್ಯಾಮರಾ ಇಳಿಸಿ ಕೈಮುಗಿದರು. ಅವರ ತಂದೆಯ ಊಟ ಮುಗಿಯುವವರೆಗೆ ನಾವೆಲ್ಲ ಗೋಡೆಗೆ ಒರಗಿ ಕಾಯುತ್ತ ಕೂತೆವು. ನನ್ನ ಅಂಗಿಯ ತುಂಬ ಲಾಡು, ಇರುವೆ ಹತ್ತಿದ್ದವು. ಅವತ್ತು ನಾನು ಪಟ್ಟ ಪಾಡಿನಲ್ಲಿ ಅಭಿನಯ ಬಹಳ ಇರಲಿಲ್ಲ.

ಮಾತೆಲ್ಲ ಮರಾಠಿಯಲ್ಲೇ ಇರಬೇಕು, ಇಲ್ಲದಿದ್ದರೆ ನಿಲಂಗಾ, ಉದಗೀರ ಕಡೆ ಓಡುವುದಿಲ್ಲ. ಆದರೆ ಸಾಯುವ ಗಳಿಗೆಯಲ್ಲಿ ನಮ್ಮ ಬಾಯಿಂದ ತಂತಾನೇ "ಅಯ್ಯೋ ಅವ್ವಾ" ಎಂದು ಹೊರಡುತ್ತಿತ್ತು. ತೆಗೆದುಬಿಡಿ ಅಂದರೆ ಮಾಮಾ ಕೇಳುತ್ತಿರಲಿಲ್ಲ. "ಇರ್ಲಿ ಬಿಡ್ರಿ. ಜೀವ ಹೋಗೂ ಮುಂದ ಯಾರೂ ಕಲ್ತ ಭಾಷಾ ಆಡಂಗಿಲ್ಲ."

ಇನ್ನೊಂದು ಹಟವಿತ್ತು. ಅವರ ಚಿತ್ರದಲ್ಲಿ ಮನುಷ್ಯರನ್ನು ಬಿಟ್ಟು ಮತ್ತಾವ ಜೀವಿಯೂ ಸಾಯುವಂತಿಲ್ಲ. ಮನೆಯಲ್ಲಿ ಚೇಳು ಕಂಡರೂ ಚಿಮುಟದಲ್ಲಿ ಹಿಡಿದು ಹೊಲಕ್ಕೆ ಬಿಟ್ಟು ಬರುವ ಪೈಕಿ ಅವರು. ಜೇನಿನ ಚಿತ್ರದ ಕೊನೆಗೆ ನಾಯಕ ಪಂಜು ಹಿಡಿದು ಹುಟ್ಟಿಗೆ ಬೆಂಕಿ ಇಡಲಿ ಎಂದು ಎಲ್ಲರೂ ಬೇಡಿಕೊಂಡೆವು. ಉದಗೀರದಲ್ಲಿ ಮೆಮರಿ ಕಾರ್ಡಿಗೆ ಚಿತ್ರ ತುಂಬಿಕೊಡುತ್ತಿದ್ದ ಮೊಬೈಲ್ ಅಂಗಡಿಯವನಂತೂ, "ಮಾಮಾ, ಗಿರಾಕಿಗಿ ಬದಲಾ ಬೇಕು, ಸೇಡು ಬೇಕು. ಕೊನಿಗಿ ಒಂದರ ಹುಳಾ ಕೊಲ್ಲ್ರಿ," ಎಂದು ಗೋಗರೆದ.

"ಅವು ಏನ್ ತಪ್ಪು ಮಾಡ್ಯಾವ?" ಅಂದರು ಮಾಮಾ.

ನಾಯಕ ಸತ್ತ, ನಾಯಕಿ ಸತ್ತಳು, ಪೊಲೀಸರು ಬಂದು ಅವರೂ ಸತ್ತರು. ಗುರೆಳ್ಳು ಗೆದ್ದಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅವರ ಚಿತ್ರಗಳನ್ನು ನೋಡಿ ಒಬ್ಬರೂ ಅಂಜುತ್ತಿರಲಿಲ್ಲ. ಔರಾದ ಶಹಾಜನಿಯ ಸಂತೆಯ ದಿನ ಬಟ್ಟೆ ಅಂಗಡಿಯೊಂದರ ಮುಂದೆ ಟಿವಿ ಇಟ್ಟು ತೋರಿಸುತ್ತಿದ್ದರು. ಬೀದರ ಕಡೆಯಿಂದ ಬಂದವರೂ ಚೀಲ ಕೆಳಗಿಟ್ಟು ನಿಲ್ಲುತ್ತಿದ್ದರು. ನಾನು ಕಣ್ಣು ಮೇಲೆ ಮಾಡಿ ನಾಲಗೆ ಹೊರಚಾಚಿ ಬೀಳುತ್ತಲೇ ಸಂತೆಗೆ ಸಂತೆಯೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಾಮಾ ಟಿವಿಯ ಕಡೆ ನೋಡುತ್ತಲೇ ಇರಲಿಲ್ಲ. ಅದರ ಪಕ್ಕ ನಿಂತು ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಗುಂಪಿನಲ್ಲಿ ತಮ್ಮವರನ್ನು ಹುಡುಕುವವರ ಹಾಗೆ. ಎಲ್ಲ ಮುಗಿದು ಜನ ಚದುರಿದ ಮೇಲೆ ವೈರು ಸುತ್ತುತ್ತ ನನ್ನನ್ನು ಕೇಳುತ್ತಿದ್ದರು.

"ಯಾರರ ಅಂಜಿದ್ರೇನ್ರಿ, ಮಾಸ್ತರ್?"

ಪ್ರತಿ ಸಲವೂ ಇದೇ ಪ್ರಶ್ನೆ. ಒಬ್ಬ ಮುದುಕ ಮಾತ್ರ ನಗಲಿಲ್ಲ ಮಾಮಾ ಎಂದು ಒಮ್ಮೆ ಸಮಾಧಾನಕ್ಕೆ ಹೇಳಿದೆ. ಅವರ ಮುಖ ಅರಳಿತು. ಓಡಿ ಹೋಗಿ ಆ ಮುದುಕನನ್ನು ಹಿಡಿದು ಮಾತಾಡಿಸಿ, ಅವನಿಗೆ ಕಣ್ಣು ಕಾಣುವುದಿಲ್ಲವೆಂದು ತಿಳಿದುಕೊಂಡು ವಾಪಸು ಬಂದರು.

ನನಗೂ ಸಿಟ್ಟು ಬರುತ್ತಿತ್ತು. ತರಗತಿಯಲ್ಲಿ ನಾನು ಕಪ್ಪುಹಲಗೆಯ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಒಬ್ಬ ನನ್ನ ಹಾಗೆ ಸತ್ತು ತೋರಿಸುತ್ತಿದ್ದ. ಒಂದು ಮಧ್ಯಾಹ್ನ ನಿಲಂಗಾ ರಸ್ತೆಯ ಹುಣಸೆ ಮರದಡಿ ಶೂಟಿಂಗ್ ನಿಲ್ಲಿಸಿ ಬುತ್ತಿ ಬಿಚ್ಚಿದ್ದೆವು. ಉಳಿದವರು ನೀರಿಗೆ ಹೋಗಿದ್ದರು. ಮಾಮಾ ಎಂದಿನಂತೆ ಅಂಗೈಯನ್ನು ನೆಲಕ್ಕೆ ಒತ್ತಿ, ಒಂದಷ್ಟು ಹೊತ್ತು ಹಾಗೇ ಇಟ್ಟು, ಆಮೇಲೆ ಕೂತರು. ಕುರ್ಚಿಯಿದ್ದರೂ ಮೊದಲು ಬಗ್ಗಿ ನೆಲ ಮುಟ್ಟಿ ನೋಡಿಯೇ ಕೂರುವ ಮನುಷ್ಯ ಅವರು. ಮನೆಯೊಳಗೆ ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಮಳೆಗಾಲದಲ್ಲೂ ಅಂಗಳದಲ್ಲಿ ತಾಡಪತ್ರಿ ಕಟ್ಟಿಕೊಂಡು ಹೊರಸು ಹಾಕುತ್ತಿದ್ದರು. ನಾನು ರೊಟ್ಟಿ ಮುರಿಯುತ್ತ ಹೇಳಿದೆ.

"ಮಾಮಾ, ನಿಮಗ ನಗಸೋ ಕೈ ಅದ. ಅಂಜಸೋದು ಬಿಟ್ಟು ಒಂದು ನಗೀ ಪಿಚ್ಚರ ತೆಗೀರಿ. ಉಮರ್ಗಾ, ಉದಗೀರ ಎರಡೂ ನಿಮಗ ತಲಿ ಮ್ಯಾಲ ಹೊತ್ತು ಕುಣೀತಾವ."

ಅವರು ತುತ್ತು ಕೆಳಗಿಟ್ಟರು. "ನಗಸೂದು ನನಗ ಹೊಸಾದಲ್ಲ, ಮಾಸ್ತರ್," ಅಂದರು. ಆಮೇಲೆ ಯಾರನ್ನೂ ನೋಡದೆ ಹೇಳುತ್ತ ಹೋದರು.

"ಆ ವರ್ಷ ಪೂರಾ ಭೂಮಿ ಗುಡುಗುಡು ಅಂತಿತ್ತು. ಮೊದಮೊದಲ ಎಲ್ಲಾರೂ ಹೊರಗ ಓಡ್ತಿದ್ದೆವು, ಹೊಲದಾಗ ಮಲಗ್ತಿದ್ದೆವು. ಏನೂ ಆಗ್ಲಿಲ್ಲ. ಆಮ್ಯಾಲ ರೂಢಿ ಆಯ್ತು. ಭಾಂಡಿ ಸಪ್ಪಳಾದ್ರ ಹುಡುಗ್ರು ಕುಣೀತಿದ್ವು. ನಾ ಮುದುಕ್ರ ಹೊರಸು ಹಿಡ್ದು ಅಲ್ಲಾಡಸ್ತಿದ್ದೆ, ಅವರು ಹೊರಗ ಓಡಿ ಬರ್ತಿದ್ರು, ಓಣಿ ಎಲ್ಲಾ ನಗ್ತಿತ್ತು. ನಮ್ಮಾಕಿ ಒಬ್ಬಾಕಿ ಅಂಜತಿದ್ಲು. ಕೂಸಿಗಿ ತಗೊಂಡು ದಿನಾ ಅಂಗಳದಾಗ ಮಲಗ್ತಿದ್ಲು. ಒಂದಿನ ಕೌದಿ ಹಿಡ್ಕೊಂಡು ಹೊರಗ ಹೊಂಟಾಗ ಓಣಿ ಮಂದಿ ಮುಂದ ಅಂದೆ, ಕೌದಿ ನೀ ಯಾಕ ಹೊಚ್ಕೋತಿ, ಭೂಮಿತಾಯಿಗಿ ಹೊಚ್ಚು, ಆಕಿಗಿ ಥಂಡಿ ಹತ್ಯಾದ, ನಡುಗಲಿಕತ್ತಾಳ ಅಂತ. ಎಲ್ಲಾರೂ ಬಿದ್ದು ಬಿದ್ದು ನಕ್ಕ್ರು. ಮರದಿನ ನೀರಿಗಿ ಹೋದಲ್ಲೂ ಅದೇ ಮಾತಾಯ್ತಂತ. ಆಕಿಗಿ ನಾಚಿಕಿ ಬಂತು. ಕೌದಿ ತಗೊಂಡು ಒಳಗ ಬಂದು ಮಲಗಿದ್ಲು."

"ಆಮೇಲೆ?" ಎಂದು ಕೇಳಿದ ನನ್ನ ಬುದ್ಧಿಗೆ ಏನು ಹೇಳಲಿ?

"ಗಣಪತಿ ಕಳಸೋ ದಿವಸ ನನಗ ಬಾಜೂ ಊರಾಗ ಕರ್ದಿದ್ರು, ಸೋಗು ಹಾಕಿ ನಗಸಲಿಕ್ಕ. ಹೊತ್ತು ಮೂಡೋದ್ರಾಗ ತಿರುಗಿ ಬಂದೆ. ಮನಿ ಇರಲಿಲ್ಲ. ಮೂವರೂ ಒಳಗಿದ್ರು. ನಮ್ಮಾಗ ಸತ್ತೋರಿಗಿ ಕೂಡಿಸಿ ಮಣ್ಣು ಕೊಡ್ತೀವಿ, ನಿಮಗೂ ಗೊತ್ತದ. ಅವತ್ತ ಯಾರಿಗಿ ಯಾರು ಕುಣಿ ತೋಡಬೇಕು? ಬಿದ್ದ ಮನಿಗಳ ತೊಲಿ ಒಟ್ಟಿ ಎಲ್ಲಾರಿಗೂ ಒಂದೇ ಕಡಿ ಸುಟ್ಟ್ರು. ನಮ್ಮಪ್ಪ ಹಾಕ್ಸಿದ ತೊಲಿ, ಅದರಾಗೇ ಸುಟ್ಟ್ರು."

ರೊಟ್ಟಿಯ ಮೇಲೆ ನೊಣ ಕೂತಿತ್ತು. ಅವರು ಅದನ್ನು ಮೆಲ್ಲಗೆ ಓಡಿಸಿದರು.

"ಅದಕ್ಕ ಮಾಸ್ತರ್, ಯಾರರ ಒಬ್ರು ಖರೇನೇ ಅಂಜಬೇಕು. ಅಂಜಿದವ್ರಿಗಿ ಯಾರೂ ನಗಬಾರದು, ಹಂಗ ಅಂಜಬೇಕು. ನನ್ನ ಕೈಲಿಂದ ಒಬ್ರು ಅಂಜಿದ್ರ ಸಾಕು."

ಅವರ ಮೇಲೆ ಮರುಕ ಬಂದಷ್ಟೇ, ಅವರ ಬದುಕನ್ನು ಹೀಗೆ ತಿರುಚಿಟ್ಟ ಯಾವುದೋ ಶಕ್ತಿಯ ಮೇಲೆ ಸಿಟ್ಟೂ ಬಂತು. ನಗಿಸುವುದು ಅವರ ರಕ್ತದಲ್ಲಿತ್ತು. ಆ ರಕ್ತವನ್ನು ಅವರು ದ್ವೇಷಿಸುತ್ತಿದ್ದರು. ಸೈಕಲ್ ಟ್ಯೂಬು ಹಿಡಿದರೂ ಗುರೆಳ್ಳು ಹಿಡಿದರೂ ಅದು ಅವರ ಕೈಯಲ್ಲಿ ನಗೆಯೇ ಆಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಆ ಗಾದೆಯನ್ನು ಅಂದಿನಿಂದ ನಾನು ತರಗತಿಯಲ್ಲಿ ಹೇಳಿಕೊಟ್ಟಿಲ್ಲ.

ಅಲ್ಲಿಂದ ಮುಂದೆ ನಾನು ಸಾಯುವಾಗ ಬಹಳ ಪ್ರಯತ್ನಪಟ್ಟು ಸತ್ತೆ. ನಾಲಗೆ ಚಾಚುವುದು ಬಿಟ್ಟೆ. ಜನ ಇನ್ನೂ ಹೆಚ್ಚು ನಕ್ಕರು.

ಗಿಡ, ಹುಳ, ಹಕ್ಕಿ ಎಲ್ಲವನ್ನೂ ಮನುಷ್ಯನ ಮೇಲೆ ಬಿಟ್ಟ ಮಾಮಾ ಭೂಮಿಯ ತಂಟೆಗೆ ಮಾತ್ರ ಹೋಗಿರಲಿಲ್ಲ. ಕಳೆದ ವರ್ಷ ಅದಕ್ಕೂ ಕೈಹಾಕಿದರು. ಕಾರಣ ಇಷ್ಟೇ. ಒಂದು ದಿನ ನಾವಿಬ್ಬರೂ ಉಮರ್ಗಾದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಕಪ್ಪುಬಸಿಗಳು ಕಿಣಿಕಿಣಿ ಅಂದವು. ನಮ್ಮ ಕಡೆ ಈಗಲೂ ಆಗೊಮ್ಮೆ ಈಗೊಮ್ಮೆ ಹೀಗಾಗುತ್ತದೆ. ಮಾಮಾ ಕಪ್ಪು ಚೆಲ್ಲಿ ರಸ್ತೆಗೆ ಓಡಿದರು. ಪಕ್ಕದ ಮೇಜಿನ ತರುಣರು ಕೂತಲ್ಲಿಂದ ಏಳಲಿಲ್ಲ. ಮೊಬೈಲನ್ನು ಬೇಕೆಂದೇ ಅಲ್ಲಾಡಿಸುತ್ತ, ಓಡುವ ಮಾಮಾನನ್ನು ರೀಲ್ ಮಾಡಿಕೊಂಡರು. ಹೊರಗೆ ನಿಂತು ಏದುಸಿರು ಬಿಡುತ್ತಿದ್ದ ಅವರು ನನಗೆ ಅಂದದ್ದು, "ಹಂಗೇ ಆಗ್ಯಾವ ನೋಡ್ರಿ ಈ ಹುಡುಗ್ರು, ಆಗಿನ ನಮ್ಮಂಗೇ ಆಗ್ಯಾವ."

ಆ ಚಿತ್ರದಲ್ಲಿ ಟ್ಯೂಬಿಲ್ಲ, ಫ್ಯಾನಿಲ್ಲ, ಮರಾಠಿಯೂ ಇಲ್ಲ, ಮಾತೆಲ್ಲ ನಮ್ಮ ಮನೆಯ ಕನ್ನಡ. ಗುಂಜೋಟಿಯಲ್ಲಿ ಯಾರೂ ಇರದ ಹಳೇ ಕಲ್ಲಿನ ಮನೆಯೊಂದನ್ನು ಕೇಳಿ ಪಡೆದರು. ಒಂದು ಅಂಗಳ, ಒಂದು ಕೋಣೆ, ಅಂಜುವ ಹೆಂಡತಿ, ನಗಿಸುವ ಗಂಡ. ಗಂಡನ ಪಾತ್ರ ನನಗೆ. ಮೊದಲ ಸಲ ನಾನು ಸಾಯದೆ ಉಳಿಯುವ ಚಿತ್ರ. ನನಗೆ ಬೇಡವಾಗಿತ್ತು, ಆದರೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೊರಸು ಹೇಗೆ ಅಲ್ಲಾಡಿಸಬೇಕು, ಮಾತು ಎಲ್ಲಿ ನಿಲ್ಲಿಸಿ ಓಣಿಯ ಕಡೆ ಓರೆಗಣ್ಣು ಬಿಡಬೇಕು, ಕೌದಿಯ ಮಾತನ್ನು ಎಷ್ಟು ಎಳೆಯಬೇಕು, ಎಲ್ಲ ಮಾಡಿ ತೋರಿಸಿದರು. ಆ ವಯಸ್ಸಿನಲ್ಲೂ ಎಂಥ ಹದ ಅದು. ಕ್ಯಾಮರಾದ ಹಿಂದಿದ್ದವರು ಮೀಸೆಯಡಿ ನಕ್ಕರು, ಮಾಮಾ ಅದನ್ನು ಗಮನಿಸಿ ಮುಖ ತಿರುಗಿಸಿಕೊಂಡರು.

ಮಲಗುವವರನ್ನು ಅವರೇ ಮಲಗಿಸಿದರು. "ಅವ್ವ ಬಾಗಲಾ ಕಡಿ. ಆಕಿ ನಡುಗಂಬದ ಬಾಜೂಕ. ಕೂಸು ಗ್ವಾಡಿ ಮಗ್ಗಲಾ." ಅಷ್ಟು ಹೇಳಿ ಹೊರಗೆ ಹೋಗಿ ನಿಂತರು. ಆ ದೃಶ್ಯವನ್ನು ಮಂಡಪದ ಹುಡುಗರಲ್ಲಿ ಒಬ್ಬ ತೆಗೆದ.

ಮೊದಲ ಪ್ರದರ್ಶನ ಅವರ ಊರಿನಲ್ಲೇ ಆಗಬೇಕೆಂದರು. ಹಳೇ ಊರು ಈಗ ಜಾಲಿಮುಳ್ಳಿನ ಕಾಡು. ಅದರಾಚೆ ಸಾಲುಮನೆಗಳ ಹೊಸ ಊರು, ಅಲ್ಲೊಂದು ಸಮಾಜ ಮಂದಿರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ಸೇರಿದರು. ಮುಂದೆ ತರುಣರು, ಮಕ್ಕಳು. ಹಿಂದೆ ಗೋಡೆಗೆ ಒರಗಿ ವಯಸ್ಸಾದವರು. ಮಾಮಾ ಎಂದಿನಂತೆ ಪರದೆಯ ಪಕ್ಕ ನಿಂತರು.

ನಾನು ಹೊರಸು ಅಲ್ಲಾಡಿಸಿದಾಗ ಎಲ್ಲರೂ ನಕ್ಕರು, ಹಿಂದೆ ಕೂತ ಹಿರಿಯರೂ ನಕ್ಕರು. ಅದು ಅವರು ಕಂಡಿದ್ದ ಹೊರಸು, ಕೇಳಿದ್ದ ಮಾತು. ಒಬ್ಬಿಬ್ಬರು ಮಾಮಾನ ಕಡೆ ಬೆರಳು ತೋರಿಸಿ ಪಿಸುಗುಟ್ಟಿದರು. ಕೌದಿಯ ಮಾತು ಬಂದಾಗ ಮುಂದಿನ ಸಾಲುಗಳಲ್ಲಿ ಸೀಟಿ ಬಿದ್ದವು. ಹಿಂದಿನ ಸಾಲು ಸುಮ್ಮನಾಯಿತು. ಆಮೇಲೆ ಪರದೆಯ ಮೇಲೆ ಆ ಹೆಂಡತಿ ಅಂಗಳದಿಂದ ಕೌದಿ ಎತ್ತಿಕೊಂಡು, ಮಗುವಿನ ಕೈ ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದಳು. ನಡುಗಂಬದ ಪಕ್ಕ ಹಾಸಿದಳು.

ಹಿಂದೆ ಒಬ್ಬ ಮುದುಕಿ ಎದ್ದು ನಿಂತಳು. ಪಕ್ಕದಲ್ಲಿದ್ದ ಮೊಮ್ಮಗುವಿನ ರಟ್ಟೆ ಹಿಡಿದು ಹೊರಗೆ ನಡೆದಳು. ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಕೋಲು ಊರಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ವಯಸ್ಸಾದವರೆಲ್ಲ ಬಾಗಿಲಿನ ಕಡೆ ನೂಕಾಡುತ್ತ ಹೋದರು. ಮುಂದಿನವರಿಗೆ ಇದು ಚಿತ್ರಕ್ಕಿಂತ ಮಜಾ ಎನಿಸಿತು. ಮೊಬೈಲುಗಳು ಹಿಂದಕ್ಕೆ ತಿರುಗಿದವು. ಪರದೆ ಪೂರ್ತಿ ಕಪ್ಪಾಗಿ ಬರೇ ಭಾಂಡಿಗಳ ಸಪ್ಪಳ ಕೇಳುವ ಕೊನೆಯ ಭಾಗ ಬಂದಾಗ, ಕರೆಂಟು ಹೋಯಿತೆಂದು ಕೂಗಿ ನಗುತ್ತಿದ್ದರು.

ನಾನು ಮತ್ತು ಮಾಮಾ ಹೊರಗೆ ಬಂದೆವು. ಹಿರಿಯರೆಲ್ಲ ಬಯಲಿನಲ್ಲಿ ನೆಲದ ಮೇಲೆ ಕೂತಿದ್ದರು. ಮೊದಲು ಎದ್ದ ಮುದುಕಿ ಮಾಮಾನ ಹೆಂಡತಿಯ ಅಕ್ಕ ಎಂದು ಆಗ ತಿಳಿಯಿತು. ಮಾಮಾ ಆಕೆಯ ಎದುರು ಕುಕ್ಕರುಗಾಲಿನಲ್ಲಿ ಕೂತರು.

"ನಮಗ ಯಾಕ ಅಂಜಸ್ತಿ, ಅಪ್ಪಾ?" ಅಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾವು ಅಂಜಿದವರೇ ಇದ್ದೀವಿ. ಇನ್ನಾ ಎಷ್ಟು ಅಂಜಬೇಕು?"

"ನಿಮಗಲ್ಲ ಅಕ್ಕಾ. ಆ ಹುಡುಗರಿಗಿ."

"ಅವು ನಗಲಿಕತ್ತಾವ." ಆಕೆ ಮೊಮ್ಮಗುವನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು. "ನೀ ಒಬ್ಬಂವಾ ಆಕಿಗಿ ಒಳ್ಗ ಕಳಿಸ್ದಿ ಅಂತ ತಿಳ್ಕೊಂಡಿ ಏನು? ಮರದಿನ ಬಾವಿ ಕಟ್ಟಿ ಮ್ಯಾಲ ಎಲ್ಲಾರ ಮುಂದ ಆ ಕೌದಿ ಮಾತು ಎತ್ತಿದಾಕಿ ನಾ. ಆಕಿ ಕಣ್ಣಾಗ ನೀರು ಬಂತು. ನಾ ಅಕ್ಕ ಇದ್ದಾಕಿ, ಮತ್ತೂ ನಕ್ಕೆ. ಇಲ್ಲೀತನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲ."

ಮಾಮಾನ ಭಾರ ಇದರಿಂದ ಇಳಿಯಿತೆಂದು ನಾನು ಆ ಕ್ಷಣ ಅಂದುಕೊಂಡೆ. ಹಾಗಾಗಲಿಲ್ಲ. "ನೀವು ನಕ್ಕಿದ್ದೂ ನಾ ನಗಿಸಿದ್ದಕ್ಕೇ ಅಲ್ಲೇನು, ಅಕ್ಕಾ," ಅಂದರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಇಬ್ಬರೂ ಬೇರೆಬೇರೆ ಹೊತ್ತುಕೊಂಡಿದ್ದದ್ದು ಈಗ ಇಬ್ಬರ ತಲೆಯ ಮೇಲೂ ದುಪ್ಪಟ್ಟಾಯಿತು ಅಷ್ಟೇ. ಅಂದು ಆ ಹಿರಿಯರು ಯಾರೂ ಮನೆಯೊಳಗೆ ಹೋಗಿ ಮಲಗಲಿಲ್ಲ ಎಂದು ಮರುದಿನ ಕೇಳಿದೆ. ತನ್ನ ಕೈಯಿಂದ ಒಬ್ಬರಾದರೂ ಅಂಜಲಿ ಎಂದು ಹಂಬಲಿಸಿದ ಮನುಷ್ಯ, ಅಂಜಿಕೆ ಬಿಟ್ಟು ಬೇರೇನೂ ಉಳಿಯದವರನ್ನೇ ಅಂಜಿಸಿ ಬಂದಿದ್ದರು. ಉಮರ್ಗಾಕ್ಕೆ ಮರಳುವಾಗ ದಾರಿಯುದ್ದಕ್ಕೂ ಅವರು ತಮ್ಮ ಮಾಮೂಲಿ ಪ್ರಶ್ನೆಯನ್ನು ಕೇಳಲಿಲ್ಲ.

ಚಿತ್ರವನ್ನು ಮತ್ತೆಲ್ಲೂ ತೋರಿಸಲಿಲ್ಲ, ಅಳಿಸಿಬಿಟ್ಟರು. ಆದರೆ ಆ ಸಂಜೆ ಯಾರೋ ಪರದೆಯಿಂದಲೇ ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು. ಇಡೀ ಚಿತ್ರವನ್ನಲ್ಲ, ನಾನು ಕೌದಿಯ ಮಾತು ಹೇಳುವ ತುಣುಕನ್ನು ಮಾತ್ರ. ಅದು ಹಬ್ಬಿದ ರೀತಿಗೆ ಏನು ಹೇಳಲಿ. ನಿಲಂಗಾದ ಬಸ್ಸಿನಲ್ಲಿ ಕೇಳಿದೆ, ಉದಗೀರದ ಅಡತಿ ಅಂಗಡಿಗಳ ಮುಂದೆ ಕೇಳಿದೆ. ಮರಾಠಿ ಮಾತಾಡುವವರೂ ಆ ಒಂದು ಮಾತನ್ನು ಕನ್ನಡದಲ್ಲೇ ಕಲಿತು ಆಡುತ್ತಿದ್ದರು. ಚಳಿಗಾಲದಲ್ಲಿ ಯಾರಾದರೂ ಶಾಲು ಹೊದ್ದರೆ ಸಾಕು, ಭೂಮಿತಾಯಿಗಿ ಹೊಚ್ಚು ಅನ್ನುವುದೇ. ಮಾಮಾನ ಅಷ್ಟು ವರ್ಷದ ಯಾವ ಚಿತ್ರವೂ ಅಷ್ಟು ದೂರ ಹೋಗಿರಲಿಲ್ಲ.

ಅವರು ಅದನ್ನು ಕೇಳಿದ್ದು ನನ್ನೆದುರಿಗೇ, ಅದೇ ಚಹಾ ಹೋಟೆಲಿನಲ್ಲಿ. ಪಕ್ಕದ ಮೇಜಿನಲ್ಲಿ ಮೊಬೈಲು ಹಾಕಿಕೊಂಡು ನಗುತ್ತಿದ್ದರು. ಮಾಮಾ ಮುಖ ಎತ್ತದೆ ಚಹಾ ಮುಗಿಸಿದರು. ಎದ್ದು ಹೋಗುವಾಗ, "ಆಕಿಗಿ ಇನ್ನಾ ನಗಲಿಕತ್ತಾರ, ಮಾಸ್ತರ್," ಅಂದರು, ಅಷ್ಟೇ. ಆಮೇಲೆ ಕ್ಯಾಮರಾ ಮುಟ್ಟಲಿಲ್ಲ. ಮದುವೆಗೂ ಹೋಗಲಿಲ್ಲ. ನಾನು ಹೋದರೆ ಹೊರಸಿನ ಮೇಲೆ ಜಾಗ ಬಿಟ್ಟು ಕೂರುತ್ತಿದ್ದರು, ಮಾತು ಮಾತ್ರ ನಾನೇ ಎರಡೂ ಕಡೆಯದನ್ನು ಆಡಬೇಕಾಗುತ್ತಿತ್ತು. ನಾಲ್ಕೈದು ತಿಂಗಳು ಹಾಗೆ ಕಳೆದು, ಬೇಸಿಗೆಯಲ್ಲಿ ಹೋದರು.

ಅವರ ಹೊಲದಲ್ಲಿ ಮಣ್ಣು ಕೊಟ್ಟೆವು. ಸ್ವಾಮಿಗಳು ಬಂದು ಕ್ರಮದಂತೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕೂಡಿಸಿ, ಬಿಲ್ವಪತ್ರೆ ಹಾಕಿ ಮುಚ್ಚಿದರು. ತಾಯಿಗೆ, ಹೆಂಡತಿಗೆ, ಮಗುವಿಗೆ ಸಿಗದ ಮಣ್ಣು ಅವರಿಗೆ ಸಿಕ್ಕಿತು. ಇದು ಅವರಿಗೆ ಬೇಕಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಹಿಡಿ ಮಣ್ಣು ಹಾಕುವಾಗ ನಾನು ಅತ್ತೆ.

ಶಾಲೆ ಶುರುವಾಗಿ ಕೆಲವು ವಾರವಾಗಿತ್ತು. ಊಟದ ಬಿಡುವಿನ ನಂತರ ನಾನು ಶಿಕ್ಷಕರ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಕಿಟಕಿಯ ಗಾಜು ಗದಗದ ಅಂದಿತು. ಮೇಜಿನ ಮೇಲಿದ್ದ ನೀರಿನ ಲೋಟದಲ್ಲಿ ಸುರುಳಿ ಎದ್ದಿತು. ಯಾರನ್ನೂ ಕೇಳದೆ ಓಡಿ ಹೋಗಿ ಗಂಟೆ ಬಾರಿಸಿದೆ, ಶಾಲೆ ಬಿಡುವ ಹಾಗೆ ಒಂದೇ ಸಮ ಬಾರಿಸಿದೆ. ಮಕ್ಕಳು ರಜೆ ಸಿಕ್ಕಿತೆಂದು ಹೋ ಅನ್ನುತ್ತ ಹೊರಗೆ ನುಗ್ಗಿದವು. ನಾನು ಅಂಗಳದ ನಡುವೆ ನಡುಗುತ್ತ ನಿಂತದ್ದನ್ನು ಕಂಡು ಒಬ್ಬ ಕೌದಿಯ ಮಾತು ಎತ್ತಿದ, ನನ್ನದೇ ದನಿಯಲ್ಲಿ. ಇಡೀ ಶಾಲೆ ನಕ್ಕಿತು. ನಗಲಿ ಅನಿಸಿತು. ಹೊರಗೆ ನಿಂತು ಎಷ್ಟು ಬೇಕಾದರೂ ನಗಲಿ.

ಮುಖ್ಯಾಧ್ಯಾಪಕರು ವರಾಂಡದಲ್ಲಿ ನಿಂತು ಅತ್ತಿತ್ತ ನೋಡಿದರು. "ಏನ್ ಮಾಸ್ತರ್, ಆ ಪಿಚ್ಚರ ಇನ್ನಾ ತಲ್ಯಾಗ ಕೂತದೇನು? ರಸ್ತಾದಾಗ ಟ್ರಕ್ ಹೋಗ್ಯಾದ," ಅಂದರು. ಇರಬಹುದು, ಟ್ರಕ್ಕೇ ಇರಬಹುದು. ಮಕ್ಕಳಿಗೆ ಒಳಗೆ ಹೋಗಲು ಹೇಳಿದರು. ಸಾಲು ಕಟ್ಟಿ, ತಳ್ಳಾಡಿಕೊಂಡು, ನಗುತ್ತ ಎಲ್ಲ ಒಳಗೆ ಹೋದವು.

ಒಬ್ಬ ಹುಡುಗಿ ಉಳಿದಿದ್ದಳು, ಮೂರನೆಯ ತರಗತಿಯವಳು. ಅವಳು ನಗುತ್ತಿರಲಿಲ್ಲ. ಬಾಗಿಲನ್ನೊಮ್ಮೆ, ಮೇಲೆ ಚಾವಣಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

"ಸರ್, ನಾ ಇಲ್ಲೇ ನಿಂದರ್ಲೇನ್ರಿ? ನನಗ ಅಂಜಿಕಿ ಬರ್ತದ."

ಮುಖ್ಯಾಧ್ಯಾಪಕರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಕಿಟಕಿಗಳಲ್ಲಿ ಮಕ್ಕಳ ಮುಖಗಳು ನಗಲು ತಯಾರಾಗಿ ಕಾಯುತ್ತಿದ್ದವು.

"ಏನ್ ಆಗಂಗಿಲ್ಲ, ಹೋಗು," ಅಂದೆ. ಅವಳು ಒಳಗೆ ಹೋದಳು.